ಹುಳಿಯಕ್ಕನ ಬಾಯಿ ಕೆಟ್ಟಿದೆ

ಬೆಳಕು ಇನ್ನೂ ಹರಿದಿಲ್ಲ. ಬಸ್ ಡಿಪೋದ ಗೇಟಿನ ಪಕ್ಕ, ಮೇಲ್ಸೇತುವೆಯ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಒಂದು ಬಲ್ಬು ಉರಿಯುತ್ತಿದೆ. ಅದರಡಿ ಒಂದು ಮರದ ಮೇಜು. ಮೇಜಿನ ಮೇಲೆ ಎರಡು ಸ್ಟೀಲ್ ಡಬ್ಬಿ, ಬೋರಲು ಹಾಕಿದ ಗಾಜಿನ ಲೋಟಗಳು, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿ, ಬುಟ್ಟಿ ತುಂಬ ನಿಂಬೆಹಣ್ಣು. ರಾತ್ರಿ ಪಾಳಿ ಮುಗಿಸಿದ ಬಸ್ಸುಗಳು ಒಂದೊಂದಾಗಿ ಒಳಗೆ ಬರುತ್ತಿವೆ. ಕಣ್ಣು ಕೆಂಪಾದ ಡ್ರೈವರುಗಳು ಇಳಿದು, ಸೊಂಟ ಹಿಡಿದುಕೊಂಡು ಬೆನ್ನು ನೆಟ್ಟಗೆ ಮಾಡಿ, ಮನೆಯ ದಾರಿ ಹಿಡಿಯುವ ಮೊದಲು ಇತ್ತ ನಡೆಯುತ್ತಾರೆ.

ಮೇಜಿನ ಹಿಂದೆ ನಿಂತವಳನ್ನು ಡಿಪೋ ಪೂರ್ತಿ ಹುಳಿಯಕ್ಕ ಎಂದೇ ಕರೆಯುತ್ತದೆ. ಆ ಹೆಸರಿನಲ್ಲಿ ಅರ್ಧ ಪಾಲು ನಿಂಬೆಯದು, ಉಳಿದರ್ಧ ಆಕೆಯ ಮಾತಿನದು.

ಆಕೆ ಒಂದು ಹಣ್ಣು ಎತ್ತಿಕೊಂಡು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ಉರುಳಿಸುತ್ತಾಳೆ. ಉರುಳುತ್ತ ಉರುಳುತ್ತ ಒಳಗೆಲ್ಲೋ ಗಂಟು ಸಡಿಲವಾದದ್ದು ಅಂಗೈಗೆ ತಿಳಿಯುತ್ತದೆ. ಆಗ ಚಾಕು. ಅರ್ಧ ಹೋಳನ್ನು ಮುಷ್ಟಿಯಲ್ಲಿಟ್ಟು ಒಂದೇ ಸಲ ಹಿಂಡಿ ಬಿಸಾಡುತ್ತಾಳೆ. ಸಿಪ್ಪೆಯಲ್ಲಿ ಇನ್ನೂ ರಸ ಇದೆಯಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧ. "ಎರಡನೇ ಸಲ ಹಿಂಡಿ ನೋಡಿ, ಸಿಪ್ಪೆ ಸೇಡು ತೀರಿಸ್ಕೊಳ್ಳುತ್ತೆ. ಕಹಿ ಬಿಡುತ್ತೆ. ಯಾರನ್ನೂ ಅಷ್ಟು ಹಿಂಡಬಾರದು, ಹಣ್ಣನ್ನೂ ಅಷ್ಟೇ."

ನೀರು, ಸಕ್ಕರೆ, ಪುಟ್ಟ ಚಮಚದ ತುದಿಯಲ್ಲಿ ಒಂದಿಷ್ಟು ಉಪ್ಪು. ಆಮೇಲೆ ಕಲಕುವುದು. ಕಲಕುವಾಗ ಆಕೆ ಲೋಟ ನೋಡುವುದಿಲ್ಲ, ತಲೆ ಒಂದು ಪಕ್ಕಕ್ಕೆ ವಾಲಿಸಿ ಕಿವಿ ಕೊಡುತ್ತಾಳೆ. ಸಕ್ಕರೆ ಇರುವಷ್ಟು ಹೊತ್ತು ಚಮಚ ಕರಕರ ಎನ್ನುತ್ತದೆ. ಕರಗಿದ ಮೇಲೆ ಟಿಣ್ ಟಿಣ್ ಎಂದು ಬರೀ ಗಾಜಿನ ಸದ್ದು. ಆ ಸದ್ದು ಬಂದ ಕೂಡಲೇ ಚಮಚ ಎತ್ತುತ್ತಾಳೆ.

ಬೆರಗಾಗಬೇಕಾದ್ದು ಇದಾದ ಮೇಲೆ. ಲೋಟ ಕೊಟ್ಟವಳು ಮುಂದಿನವನ ಕಡೆ ತಿರುಗುವುದಿಲ್ಲ. ಕುಡಿಯುವವನ ಮುಖವನ್ನೇ ನೋಡುತ್ತ ನಿಲ್ಲುತ್ತಾಳೆ. ಅವನು ಮೊದಲ ಗುಟುಕು ನುಂಗುತ್ತಾನೆ. ಎಡಗಣ್ಣಿನ ಅಂಚು ಒಂದು ಕೂದಲೆಳೆಯಷ್ಟು ಕಿರಿದಾಗುತ್ತದೆ. "ಕೊಡು ಇಲ್ಲಿ" ಎಂದು ಲೋಟ ಕಿತ್ತುಕೊಂಡು ಅರ್ಧ ಚಮಚ ಸಕ್ಕರೆ ಹಾಕಿ ಕಲಕಿ ಮತ್ತೆ ಕೊಡುತ್ತಾಳೆ. ಎರಡನೇ ಗುಟುಕಿಗೆ ಆ ಮುಖ ಬಿಚ್ಚಿಕೊಳ್ಳುತ್ತದೆ, ಇಡೀ ರಾತ್ರಿಯ ರಸ್ತೆ ಅದರಿಂದ ಇಳಿದುಹೋಗುತ್ತದೆ.

ಈ ಹೆಂಗಸಿಗೆ ನಾಲಿಗೆಯ ಮೇಲೆ ರುಚಿ ಎಂಬುದೇ ಇಲ್ಲ. ಹುಳಿ ಇಲ್ಲ, ಸಿಹಿ ಇಲ್ಲ, ಉಪ್ಪೂ ಇಲ್ಲ. ಮೂಗಿಗೆ ವಾಸನೆಯೂ ಇಲ್ಲ. ನಿಂಬೆಹಣ್ಣಿನ ಹೋಳನ್ನು ಹಾಗೇ ಕಚ್ಚಿ ತಿಂದರೂ ಆಕೆಗೆ ಒದ್ದೆ ಬಟ್ಟೆ ಕಚ್ಚಿದಷ್ಟೇ. ಅಯ್ಯೋ ಪಾಪ ಎನ್ನಬೇಕು ಎನಿಸಿದವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಪಾಪ ಅನ್ನಿಸಿಕೊಳ್ಳುವ ಜಾತಿಯ ಹೆಂಗಸಲ್ಲ ಇವಳು.

ಈ ಶರಬತ್ತಿನ ಆರಂಭ ಮನೆಯಲ್ಲಿ. ಗಂಡ ಇದೇ ಡಿಪೋದಲ್ಲಿ ಮೆಕ್ಯಾನಿಕ್ಕು. ಬಸ್ಸಿನ ಹೊಟ್ಟೆಯಡಿ ಮಲಗಿ, ಎಣ್ಣೆ ಕುಡಿದ ಬಟ್ಟೆಯಲ್ಲಿ ಮನೆಗೆ ಬರುತ್ತಿದ್ದವನಿಗೆ ಅಡುಗೆಮನೆಯ ಬಾಗಿಲಲ್ಲೇ ಒಂದು ಲೋಟ ಶರಬತ್ತು ಕಾದಿರುತ್ತಿತ್ತು. ಒಂದು ಬೇಸಿಗೆ ಅವನು ಹೂಜಿ, ನಿಂಬೆಹಣ್ಣು, ಹೆಂಡತಿ ಮೂರನ್ನೂ ಡಿಪೋ ಗೇಟಿಗೆ ಕರೆತಂದ. ಜೊತೆಗಾರರಿಗೂ ರುಚಿ ತೋರಿಸುವ ಆಸೆ ಅವನದು. "ಒಂದು ದಿನಕ್ಕೆ ಅಂತ ಬಂದೆ. ಮಾರನೇ ದಿನ ಮೇಜು ತಗೊಂಡು ಬಂದೆ. ಮೇಜು ಬಂದ ಮೇಲೆ ಇನ್ನೇನು, ಬೇರು ಬಿಟ್ಟ ಹಾಗೆ" ಎನ್ನುತ್ತಾಳೆ ಹುಳಿಯಕ್ಕ.

ಬೇರು ಸುಲಭಕ್ಕೆ ಇಳಿಯಲಿಲ್ಲ. ಗೇಟಿನ ಕಾವಲುಗಾರ ಎರಡು ಸಲ ಮೇಜು ಎತ್ತಿ ರಸ್ತೆಗಿಟ್ಟ. ಮೂರನೇ ಸಲ ಆಕೆ ಅವನಿಗೇ ಒಂದು ಲೋಟ ಕುಡಿಸಿ, "ಈಗ ಎತ್ತು ನೋಡೋಣ" ಎಂದಳು. ಅವನು ಬಾಯಿ ಒರೆಸಿಕೊಂಡು, ಮೇಜು ಮಳೆಗೆ ನೆನೆಯುತ್ತದೆಂದು ತಾನೇ ಮೆಟ್ಟಿಲ ಕೆಳಗೆ ಸರಿಸಿಕೊಟ್ಟ. ಅಂದಿನಿಂದ ಆ ಮೂಲೆ ಹುಳಿಯಕ್ಕನದು. ಡಿಪೋದ ಮೇಲಿನವರ ಲಿಖಿತ ಅಪ್ಪಣೆ ಏನೂ ಇಲ್ಲ. ಡ್ರೈವರುಗಳು ಬರುತ್ತಾರೆ, ಆದ್ದರಿಂದ ಇರಲಿ ಎಂದು ಬಿಟ್ಟಿದ್ದಾರೆ. ಡ್ರೈವರುಗಳು ಬರುವುದು ನಿಂತ ದಿನ ಮೂಲೆಯೂ ಹೋಗುತ್ತದೆ. ಎದುರಿಗೇ ಬಾಟಲಿ ಪಾನೀಯಗಳ ಗಾಜಿನ ಬೀರು ಇಟ್ಟುಕೊಂಡವನೊಬ್ಬ ಆ ಮೂಲೆಯ ಮೇಲೆ ಕಣ್ಣಿಟ್ಟು ಕೂತಿದ್ದಾನೆ.

ಕೆಲಸ ನೋಡುವುದಕ್ಕೆ ಹಗುರ. ಕೈ ನೋಡಿದವರಿಗೆ ಗೊತ್ತು. ನಿಂಬೆರಸ ಉಗುರಿನ ಬುಡ ತಿಂದಿದೆ. ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ಬಿರುಕು. ಒಂದೊಂದು ಹಣ್ಣು ಹಿಂಡಿದಾಗಲೂ ಆ ಬಿರುಕಿಗೆ ರಸ ಇಳಿಯುತ್ತದೆ. ಕೈಗವಸು ಹಾಕಿಕೊಳ್ಳಬಹುದಲ್ಲ ಎಂದರೆ, "ಮುಸುಕು ಹಾಕ್ಕೊಂಡು ಮುತ್ತು ಕೊಟ್ಟ ಹಾಗಾಗುತ್ತೆ" ಎಂದು ತಾನೇ ನಗುತ್ತಾಳೆ. ಹಣ್ಣು ಬಲಿತಿದೆಯೇ, ಒಳಗೆ ಒಣಗಿದೆಯೇ ಎಂಬುದನ್ನು ಬೆರಳೇ ಹೇಳಬೇಕು. ಬೇಸಿಗೆಯ ಬೆಳಗ್ಗೆ ಏನಿಲ್ಲವೆಂದರೂ ಇನ್ನೂರು ಲೋಟ. ಯಾವುದನ್ನೂ ಮೊದಲೇ ಹಿಂಡಿಡುವುದಿಲ್ಲ. ಕುಡಿಯುವವನು ಮುಂದೆ ನಿಂತ ಮೇಲೆಯೇ ಹಣ್ಣಿಗೆ ಚಾಕು.

ಮೂರು ಬೇಸಿಗೆಯ ಹಿಂದೆ ಮನೆಮಂದಿಗೆಲ್ಲ ಜ್ವರ ಬಂತು. ಗಂಡ ಎದ್ದ. ಪಕ್ಕದ ಕೋಣೆಯಲ್ಲಿರುವ ನಾದಿನಿ ಎದ್ದಳು. ಹುಳಿಯಕ್ಕನೂ ಎದ್ದಳು, ಆದರೆ ನಾಲಿಗೆ ಏಳಲಿಲ್ಲ. ಅದು ಆಕೆಗೆ ತಕ್ಷಣ ತಿಳಿಯಲೂ ಇಲ್ಲ. ತನ್ನ ಶರಬತ್ತು ತಾನು ಕುಡಿದು ನೋಡಿದಳು, ನೀರು. ಇನ್ನೊಂದು ಮಾಡಿದಳು, ಅದೂ ನೀರು. ನೇರ ಮಾರುಕಟ್ಟೆಗೆ ಹೋಗಿ ನಿಂಬೆಹಣ್ಣಿನವನ ಜೊತೆ ಜಗಳಕ್ಕೆ ನಿಂತಳು.

"ಹುಳಿನೇ ಇಲ್ಲದ ಹಣ್ಣು ಕೊಟ್ಟಿದ್ದೀಯಲ್ಲ, ಯಾರ ಕಣ್ಣಿಗೆ ಮಣ್ಣೆರಚ್ತೀಯ?"

ಹಣ್ಣಿನವನಿಗೆ ರೇಗಿತು. ಅವಳ ಚೀಲದಿಂದಲೇ ಒಂದು ಹಣ್ಣು ಎತ್ತಿ, ಅವಳ ಎದುರಿಗೇ ಕಚಕ್ಕನೆ ಕಚ್ಚಿದ. ಅವನ ಮುಖ ಹಿಂಡಿದ ಬಟ್ಟೆಯಂತೆ ಮುದುಡಿತು. ಕಣ್ಣಲ್ಲಿ ನೀರು ಬಂತು. ಹುಳಿಯಕ್ಕ ಆ ಮುಖವನ್ನೇ ನೋಡುತ್ತ ನಿಂತಳು. ಬೈಗುಳ ಅರ್ಧಕ್ಕೆ ನಿಂತಿತು.

"ಹುಳಿ ಹಣ್ಣಲ್ಲೇ ಇತ್ತು" ಎನ್ನುತ್ತಾಳೆ ಆಕೆ, ಲೋಟ ಒರೆಸುತ್ತ. "ಹೋಗಿದ್ದು ನನ್ನ ಬಾಯಿಂದ. ಆದ್ರೆ ಅವತ್ತು ಇನ್ನೊಂದು ಗೊತ್ತಾಯ್ತು. ಅವನ ಮುಖದಲ್ಲಿ ಹುಳಿ ಎಷ್ಟಿದೆ ಅಂತ ನಂಗೆ ಕಾಣಿಸ್ತು."

ವೈದ್ಯರು ಪರೀಕ್ಷೆ ಮಾಡಿ, ನರಕ್ಕೆ ಪೆಟ್ಟು ಬಿದ್ದಿದೆ, ರುಚಿ ವಾಪಸ್ ಬರಬಹುದು, ಯಾವಾಗ ಎಂದು ಹೇಳಲಾಗದು ಎಂದರು. "ನಮ್ಮ ಡಿಪೋ ಬಸ್ಸಿನ ಹಾಗೆ. ಬಂದಾಗ ಬಂತು ಅಂತ ಲೆಕ್ಕ" ಎಂದು ಆಕೆ ಮನೆಗೆ ಬಂದಳು.

ಮನೆಗೆ ಬಂದವಳು ನಾದಿನಿಯ ಕೋಣೆಯ ಬಾಗಿಲು ತಟ್ಟಿದಳು. ಅದುವರೆಗೆ ಅತ್ತಿಗೆ ನಾದಿನಿಯರ ನಡುವೆ ಮಾತು ಎಣ್ಣೆ ಸೀಗೆಕಾಯಿ. ಕೊಡೆ, ತಗೊಳ್ಳೆ ಎಂಬುದಷ್ಟೇ. ಹುಳಿಯಕ್ಕ ಬಾಗಿಲಲ್ಲಿ ನಿಂತು ವಿಷಯ ಹೇಳಿದಳು. ನಾದಿನಿ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಾಳೆಯಿಂದ ಮೊದಲ ಲೋಟ ನನಗೆ ಕೊಡು ಅತ್ತಿಗೆ. ಸರಿ ಇಲ್ದಿದ್ರೆ ಸರಿ ಇಲ್ಲ ಅಂತೀನಿ. ನಿನಗೆ ಹಾಗನ್ನೋಕೆ ಎಷ್ಟು ವರ್ಷದಿಂದ ಕಾಯ್ತಿದ್ದೆ" ಎಂದಳು.

ಮಾರನೇ ದಿನದಿಂದ ನಾದಿನಿ ಲೋಟ ತೊಳೆಯುವ ನೆಪದಲ್ಲಿ ಜೊತೆಗೆ ಬಂದು ಕೂತಳು. ದಿನದ ಮೊದಲ ಲೋಟ ಅವಳಿಗೆ. ಕುಡಿದು, "ಹೂಂ" ಎಂದರೆ ಸರಿ ಇದೆ. "ಉಹೂಂ" ಎಂದರೆ ಇಲ್ಲ. ಹೊಗಳಿಕೆಯ ಮಾತು ಅವಳ ಬಾಯಿಂದ ಬಂದದ್ದಿಲ್ಲ. ಮೊದಲ ಲೋಟ ಅವಳದು, ಉಳಿದವಕ್ಕೆ ಕುಡಿಯುವವರ ಮುಖವೇ ಗತಿ. ಹುಳಿ ಹೆಚ್ಚಾದರೆ ಕಣ್ಣಿನ ಅಂಚು ಹೇಳುತ್ತದೆ. ಸಿಹಿ ಹೆಚ್ಚಾದರೆ ಗಂಟಲಮಣಿ ಒಂದು ಕ್ಷಣ ತಡೆದು ಇಳಿಯುತ್ತದೆ. ಸಪ್ಪೆಯಾದರೆ ಹುಬ್ಬು ಅಲ್ಲಾಡುವುದೇ ಇಲ್ಲ. ಇದನ್ನೆಲ್ಲ ಆಕೆಗೆ ಯಾರೂ ಕಲಿಸಲಿಲ್ಲ. ನಿಂತು ನೋಡಿ ಕಲಿತದ್ದು. ಹೀಗೆ ಎರಡು ವರ್ಷ ಹುಳಿಯಕ್ಕ ರುಚಿಯೇ ಇಲ್ಲದ ನಾಲಿಗೆ ಇಟ್ಟುಕೊಂಡು ಊರಿಗೆಲ್ಲ ರುಚಿ ಹಂಚಿದಳು, ಡಿಪೋದಲ್ಲಿ ಒಂದು ನರಪಿಳ್ಳೆಗೂ ಸುಳಿವು ಹತ್ತಲಿಲ್ಲ.

ಯಾಕೆ ಮುಚ್ಚಿಟ್ಟಳು? "ಕಣ್ಣಿಲ್ಲದವನು ಕ್ಷೌರ ಮಾಡ್ತಾನೆ ಅಂದ್ರೆ ನೋಡೋಕೆ ಎಲ್ಲರೂ ಬರ್ತಾರೆ. ತಲೆ ಕೊಡೋಕೆ ಯಾರು ಬರ್ತಾರೆ?"

ಗುಟ್ಟು ಒಡೆದದ್ದು ಹೋದ ಬೇಸಿಗೆಯಲ್ಲಿ. ನಾದಿನಿಯ ಮಗಳಿಗೆ ಹೆರಿಗೆ. ನಾದಿನಿ ಆ ಊರಿಗೆ ಹೋದಳು. ಸಕ್ಕರೆ ಉಪ್ಪಿನ ಡಬ್ಬಿ ತುಂಬುವುದು ಅವಳ ಕೆಲಸವಾಗಿತ್ತು. ಅವಳಿಲ್ಲದ ದಿನ ಹೆಂಡತಿಗೆ ಸಹಾಯ ಮಾಡೋಣವೆಂದು ಗಂಡ ಎರಡು ಡಬ್ಬಿಯನ್ನೂ ತಾನೇ ತುಂಬಿಟ್ಟ. ಬಸ್ಸಿನ ಯಾವ ನಟ್ಟು ಎಲ್ಲಿಗೆ ಎಂದು ಕಣ್ಣು ಮುಚ್ಚಿ ಹೇಳುವ ಮನುಷ್ಯ, ಉಪ್ಪಿರಬೇಕಾದ ಎಡದ ಡಬ್ಬಿಗೆ ಸಕ್ಕರೆ, ಸಕ್ಕರೆ ಇರಬೇಕಾದ ಬಲದ ಡಬ್ಬಿಗೆ ಉಪ್ಪು ಸುರಿದುಬಿಟ್ಟ. ಆ ದಿನ ಬೆಳಗ್ಗೆ ಮೆಟ್ಟಿಲ ಕೆಳಗಿನ ಬಲ್ಬೂ ಹೋಗಿತ್ತು. ಹುಳಿಯಕ್ಕ ಕತ್ತಲಲ್ಲೇ ಕೈಯ ರೂಢಿಯ ಮೇಲೆ ಕೆಲಸ ಶುರು ಮಾಡಿದಳು.

ಮೊದಲು ಬಂದವನು ಹಾರನ್. ಅವನು ಹಳೆಯ ಡ್ರೈವರು. ಅವನ ಗಂಟಲಿರುವಾಗ ಬಸ್ಸಿಗೆ ಹಾರನ್ ಯಾಕೆ ಎಂದು ಜೊತೆಗಾರರು ಇಟ್ಟ ಹೆಸರು ಅದು. ಹಿಂದಿನ ದಿನವಷ್ಟೇ ಅವನು ಎದುರಿನ ಬೀರುವಿನ ಕಡೆ ಬೆರಳು ತೋರಿಸಿ, "ಏನೇ ಹೇಳಿ ಅಕ್ಕ, ಅವನ ಬಾಟಲಿ ನಿಮ್ಮ ಹೂಜಿಗಿಂತ ತಣ್ಣಗಿರುತ್ತೆ" ಎಂದು ಕೆಣಕಿ ಹೋಗಿದ್ದ. ಆಕೆ ಎರಡು ಚಮಚ ತುಂಬಿ ಹಾಕಿ ಕಲಕಿದಳು. ಕರಕರ ಸದ್ದು ಎಂದಿಗಿಂತ ಬೇಗ ನಿಂತಿತು.

"ಕಿವಿ ಹೇಳ್ತು, ಇದು ಸಕ್ಕರೆ ಅಲ್ಲ ಅಂತ. ನಾನೇ ಕೇಳಲಿಲ್ಲ" ಎನ್ನುತ್ತಾಳೆ. "ಬಸ್ಸಿನ ಗದ್ದಲಕ್ಕೆ ಸರಿಯಾಗಿ ಕೇಳಿಸಿಲ್ಲ ಅಂದ್ಕೊಂಡೆ. ಇದ್ದ ಒಂದು ಕಿವೀನೂ ನಂಬದವಳು ನಾನು."

ಹಾರನ್ ದೊಡ್ಡ ಗುಟುಕೆಳೆದ. ತಿರುಗುತ್ತಿದ್ದ ಬಸ್ಸೊಂದರ ಬೆಳಕಿನಲ್ಲಿ ಕಂಡ ಅವನ ಮುಖ ಮುದುಡಲಿಲ್ಲ, ಅರಳಲೂ ಇಲ್ಲ. ಗಡಿಯಾರ ಕೆಟ್ಟಂತೆ ನಿಂತುಬಿಟ್ಟಿತು. ಎರಡು ವರ್ಷದಲ್ಲಿ ಆಕೆ ಕಂಡಿರದ ಮುಖ ಅದು. ಅವನು ಕಷ್ಟಪಟ್ಟು ನುಂಗಿ, ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಆಯ್ತು ಅಕ್ಕ. ನಂದೇ ತಪ್ಪು" ಎಂದು ಹೊರಟೇಹೋದ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಡಿಪೋ ಅದೇ ಮೊದಲು ಕೇಳಿದ್ದು.

ಅವನ ಹಿಂದೆ ಟಿಕೆಟ್ ಕೌಂಟರಿನ ಮೇಡಂ. ಸದಾ ಚಿಲ್ಲರೆ ಕೇಳುವುದರಿಂದ ಚಿಲ್ಲರೆ ಮೇಡಂ ಎಂದೇ ಹೆಸರು. ಅವರು ಒಂದು ಗುಟುಕಿಗೇ ಕಣ್ಣು ಮೇಲೆ ಮಾಡಿ, ಕೆಮ್ಮಿ, "ನಾನೇನ್ರೀ ಮಾಡ್ದೆ ನಿಮಗೆ?" ಎಂದರು.

ಹುಳಿಯಕ್ಕ ಡಬ್ಬಿ ಎತ್ತಿಕೊಂಡು, ಒಳಗೆ ಬರುತ್ತಿದ್ದ ಬಸ್ಸಿನ ಹೆಡ್‌ಲೈಟಿಗೆ ಹಿಡಿದಳು. ಸಕ್ಕರೆಯಾಗಿದ್ದರೆ ಹರಳು ಹರಳಾಗಿ ಮಿನುಗಬೇಕಿತ್ತು. ಪುಡಿ ಉಪ್ಪು ಬೂದಿಯಂತೆ ಸಪ್ಪಗೆ ಬಿದ್ದಿತ್ತು. ಹಿಂದೆ ಸಾಲುಗಟ್ಟಿ ನಿಂತಿದ್ದವರ ಕಡೆ ತಿರುಗಿ, ಎರಡು ವರ್ಷ ಕಚ್ಚಿ ಹಿಡಿದಿದ್ದ ಮಾತನ್ನು ಆಡಿಯೇಬಿಟ್ಟಳು.

"ನನ್ನ ಬಾಯಿ ಕೆಟ್ಟಿದೆ ಕಣ್ರೋ."

ಸಾಲು ಗೊಳ್ಳೆಂದು ನಕ್ಕಿತು.

"ಅದೇನು ಹೊಸ ಸುದ್ದಿನಾ ಅಕ್ಕ?" ಎಂದ ಒಬ್ಬ.

"ಡಿಪೋಗೆ ಅಡಿಪಾಯ ಹಾಕೋ ಮೊದಲಿಂದಲೂ ಕೆಟ್ಟಿದೆ" ಎಂದ ಇನ್ನೊಬ್ಬ.

ಬಾಟಲಿ ಹೊಗಳಿದ ಹಾರನ್ನಿಗೆ ಅಕ್ಕ ಉಪ್ಪಿನ ಶಾಸ್ತಿ ಮಾಡಿದ್ದಾಳೆ, ಹಿಂದೆ ನಿಂತಿದ್ದ ಮೇಡಂಗೂ ಅದರ ಬಿಸಿ ತಗುಲಿದೆ ಎಂಬ ಸುದ್ದಿ ಬಸ್ಸಿಗಿಂತ ಮೊದಲೇ ಮುಂದಿನ ನಿಲ್ದಾಣ ಮುಟ್ಟಿತು. ಹುಳಿಯಕ್ಕ ಲೋಟ ಬೋರಲು ಹಾಕಿ ಮನೆಗೆ ಹೋದಳು. ನಿಜ ಹೇಳಿಯೂ ಆಯಿತು, ಗುಟ್ಟು ಉಳಿದೂ ಆಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಬಿಡಲು ಹಾರನ್ ಅವಕಾಶ ಕೊಡಲಿಲ್ಲ. ಮಾರನೇ ಬೆಳಗ್ಗೆ ಮೀಸೆ ತಿರುವುವ ಆ ಗಂಡಸು, ಇಡೀ ಸಾಲಿನ ಎದುರು ಕೈ ಜೋಡಿಸಿ ನಿಂತ. "ಅಕ್ಕ, ರಾತ್ರಿಯೆಲ್ಲ ಮನಸ್ಸಿಗೆ ಸಮಾಧಾನ ಇಲ್ಲ. ತಮಾಷೆಗೆ ಅಂದಿದ್ದು. ಕ್ಷಮಿಸಿಬಿಡಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ, ಕುಡ್ದೂ ಕುಡ್ದೂ ಸಾಕಾಯ್ತು."

ಮತ್ತೆ ನಗು. ಹುಳಿಯಕ್ಕ ನಗಲಿಲ್ಲ.

"ತಪ್ಪೇ ಮಾಡದವನ ಹತ್ರ ಕೈ ಮುಗಿಸ್ಕೊಂಡು ನಾನು ಸುಮ್ಮನಿದ್ರೆ, ಆಮೇಲೆ ಬಾಯಿ ನಿಜವಾಗ್ಲೂ ಕೆಟ್ಟ ಹಾಗೆ" ಎನ್ನುತ್ತಾಳೆ ಈಗ. ಅಂದು ಆಕೆ ಹಾರನ್ನಿನ ಕೈ ಹಿಡಿದು ಕೆಳಗಿಳಿಸಿದಳು. ಜ್ವರ, ನಾಲಿಗೆ, ನಾದಿನಿಯ ಹೂಂ ಉಹೂಂ, ಡಬ್ಬಿ ಅದಲುಬದಲಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಸಾಲಿನ ಹಿಂದಿದ್ದವನೊಬ್ಬ ಮೆಲ್ಲಗೆ ಕಳಚಿಕೊಂಡು ಎದುರಿನ ಗಾಜಿನ ಬೀರುವಿನ ಕಡೆ ನಡೆದ. ಅವನ ಹಿಂದೆ ಮತ್ತಿಬ್ಬರು. ಆಕೆ ಅದನ್ನು ನೋಡಿದಳು. ನೋಡಿ, ಮೇಜು ಮಡಚಬೇಕಾಗುವ ದಿನ ಬಂತು ಎಂದುಕೊಂಡಳು.

ಹಾರನ್ ಕದಲಲಿಲ್ಲ. "ಒಂದು ಮಾಡಿ ಅಕ್ಕ" ಎಂದ.

ಆಕೆ ಮಾಡಿದಳು. ಅವನು ಗುಟುಕೆಳೆದು, ಮುಖವನ್ನು ಕಲ್ಲು ಮಾಡಿಕೊಂಡು ನಿಂತ. ಕಣ್ಣಿನ ಅಂಚಿಲ್ಲ, ಹುಬ್ಬಿಲ್ಲ, ಏನೂ ಇಲ್ಲ. ಪರೀಕ್ಷೆ ಮಾಡುತ್ತಿದ್ದಾನೆ. ಹುಳಿಯಕ್ಕನಿಗೆ ಪಿತ್ತ ನೆತ್ತಿಗೇರಿತು. ಮೇಜು ಗುದ್ದಿದಳು.

"ಮುಖ ಕೊಡೋ! ಮುಖ ಕೊಡದೆ ಕುಡಿದ್ರೆ ನಾನೇನು ಮಾಡ್ಲಿ?"

ಹಾರನ್ನಿಗೆ ತಡೆಯಲಾಗಲಿಲ್ಲ. ನಕ್ಕ. ನಕ್ಕ ಕ್ಷಣದಲ್ಲಿ ಎಡಗಣ್ಣಿನ ಅಂಚು ಕೂದಲೆಳೆಯಷ್ಟು ಕಿರಿದಾಯಿತು. ಆಕೆ ಲೋಟ ಕಿತ್ತುಕೊಂಡಳು. ಅರ್ಧ ಚಮಚ ಸಕ್ಕರೆ, ಕರಕರ, ಟಿಣ್ ಟಿಣ್. ಕೊಟ್ಟಳು. ಅವನು ಪೂರ್ತಿ ಕುಡಿದು, ಲೋಟ ಬೋರಲು ಮಾಡಿ, ಒಂದು ಹನಿಯೂ ಉಳಿದಿಲ್ಲವೆಂದು ಸಾಲಿಗೆ ತೋರಿಸಿದ. ಆಮೇಲೆ ಎದುರಿನ ಬೀರುವಿನ ಕಡೆ ತಿರುಗಿ, ತನ್ನ ಹೆಸರಿಗೆ ತಕ್ಕ ಗಂಟಲಲ್ಲಿ ಕೂಗಿದ. "ಲೋ, ನಿನ್ನ ಬಾಟಲಿ ನನ್ನ ಮುಖ ನೋಡುತ್ತೇನೋ?"

ಹೋದವರು ಮೂವರೂ ಅಂದೇ ಮರಳಲಿಲ್ಲ. ಇಬ್ಬರು ವಾರದೊಳಗೆ ಬಂದರು. ಮೂರನೆಯವನು ಇವತ್ತಿಗೂ ಬಂದಿಲ್ಲ. "ಬರ್ದೇ ಇರ್ಲಿ ಬಿಡಿ. ಅವನ ಮುಖದಲ್ಲಿ ಮೊದಲಿಂದಲೂ ಏನೂ ಓದೋಕಾಗ್ತಿರಲಿಲ್ಲ" ಎಂದು ಹುಳಿಯಕ್ಕ ಕೈ ಒದರುತ್ತಾಳೆ.

ಈಗ ಡಿಪೋದಲ್ಲಿ ಅದೊಂದು ಮಾತಾಗಿಬಿಟ್ಟಿದೆ. ಲೋಟ ಹಿಡಿದವರು ಮೊದಲ ಗುಟುಕಿಗೆ ಕತ್ತು ಎತ್ತಿ ಬೆಳಕಿನ ಕಡೆ ತಿರುಗುತ್ತಾರೆ. "ಮುಖ ಕೊಟ್ಟೆ ಅಕ್ಕ, ನೋಡ್ಕೊಳ್ಳಿ." ಅವಸರದಲ್ಲಿ ಬೆನ್ನು ಮಾಡಿ ಕುಡಿಯುವವನನ್ನು ಪಕ್ಕದವನೇ ಭುಜ ಹಿಡಿದು ತಿರುಗಿಸುತ್ತಾನೆ. ಹಗಲಿಡೀ ಯಾರ ಮುಖವನ್ನೂ ಯಾರೂ ನೋಡದೆ ಹತ್ತಿ ಇಳಿಯುವ ಜಾಗ ಅದು. ಅಲ್ಲಿ ಈ ಒಂದು ಮೂಲೆಯಲ್ಲಿ ಮಾತ್ರ, ಒಂದು ಗುಟುಕಿನಷ್ಟು ಹೊತ್ತು, ಪ್ರತಿಯೊಬ್ಬನ ಮುಖವನ್ನೂ ಒಬ್ಬಳು ಜೀವವನ್ನೆಲ್ಲ ಕಣ್ಣಿಗೆ ತಂದುಕೊಂಡು ನೋಡುತ್ತಾಳೆ. ಚಿಲ್ಲರೆ ಮೇಡಂ ಹೇಳುವಂತೆ, "ಮನೇಲೂ ಯಾರೂ ಹಾಗೆ ನೋಡಲ್ಲ. ಹೋದ ತಿಂಗಳು ಒಂದಿನ ನನ್ನ ಮುಖ ನೋಡಿ, ಸಕ್ಕರೆ ಡಬ್ಬಿ ಕೆಳಗಿಟ್ಟು, 'ಇದು ಶರಬತ್ತಿನ ಹುಳಿ ಅಲ್ಲ, ಏನಾಯ್ತು ಹೇಳಿ' ಅಂದ್ಬಿಟ್ರು. ಅಲ್ಲೇ ಅತ್ತುಬಿಟ್ಟೆ ಕಣ್ರೀ."

ನಾದಿನಿ ಮೊಮ್ಮಗುವನ್ನು ನೋಡಿಕೊಂಡು ಮರಳಿ ಬಂದಿದ್ದಾಳೆ. ಡಬ್ಬಿಗಳ ಮೇಲೆ ಈಗ ಅಂಟು ಪಟ್ಟಿ ಇದೆ. ಸಕ್ಕರೆಗೆ ಕೆಂಪು, ಉಪ್ಪಿಗೆ ಹಸಿರು. ಅಂಟಿಸಿದವನು ಗಂಡ. ಅವನನ್ನು ಡಬ್ಬಿಯ ಹತ್ತಿರಕ್ಕೆ ಬಿಡುವುದು ಅಂಟಿಸುವುದಕ್ಕೆ ಮಾತ್ರ. ಈಗ ಇಡೀ ಸಾಲೇ ರುಚಿ ಹೇಳುತ್ತದಲ್ಲ, ಮೊದಲ ಲೋಟದ ಕೆಲಸ ಇನ್ನು ನಿನಗೇಕೆ ಎಂದು ಹುಳಿಯಕ್ಕ ಕೇಳಿದ್ದಕ್ಕೆ ನಾದಿನಿಗೆ ಸಿಟ್ಟು ಬಂತಂತೆ. "ಅವರದ್ದು ಮುಖ ಅತ್ತಿಗೆ. ನಂದು ನಾಲಿಗೆ" ಎಂದು ಲೋಟ ಕಸಿದುಕೊಂಡಳಂತೆ.

ಬಿಸಿಲು ಮೆಟ್ಟಿಲಿನಿಂದ ಮೇಜಿಗೆ ಇಳಿಯುವ ಹೊತ್ತಿಗೆ ಬುಟ್ಟಿಯ ತಳ ಕಾಣುತ್ತದೆ. ಸಾಲು ಕರಗಿದೆ. ನಾದಿನಿ ಲೋಟಗಳನ್ನು ಬೋರಲು ಹಾಕುತ್ತಿದ್ದಾಳೆ. ಹುಳಿಯಕ್ಕ ಉಳಿದ ಹಣ್ಣುಗಳಲ್ಲಿ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ನೋಡಿ, ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸುತ್ತಾಳೆ. ಅಂಗೈಯಡಿ ಉರುಳಿಸುತ್ತಾಳೆ. ಚಾಕು, ಒಂದೇ ಹಿಂಡು, ಸಕ್ಕರೆ, ಚಮಚದ ತುದಿಯಲ್ಲಿ ಉಪ್ಪು. ತಲೆ ವಾಲಿಸಿ ಟಿಣ್ ಟಿಣ್ ಬರುವವರೆಗೂ ಕಲಕುತ್ತಾಳೆ.

ಇದು ಯಾರಿಗೆ? ಮುಂದೆ ಯಾರೂ ನಿಂತಿಲ್ಲ.

"ನಂಗೆ" ಎನ್ನುತ್ತಾಳೆ. ದಿನದ ಕೊನೆಯ ಲೋಟ ಮೂರು ವರ್ಷದಿಂದಲೂ ಆಕೆಯದೇ. ಸ್ಟೂಲಿನ ಮೇಲೆ ಕೂತು, ಒಂದೊಂದೇ ಗುಟುಕು, ಪೂರ್ತಿ ಕುಡಿಯುತ್ತಾಳೆ. ನಾದಿನಿ ಕೈಯಲ್ಲಿದ್ದ ಲೋಟ ಬಿಟ್ಟು ಅತ್ತಿಗೆಯ ಮುಖವನ್ನೇ ನೋಡುತ್ತಾಳೆ. ಕಣ್ಣಿನ ಅಂಚು ಅಲ್ಲಾಡುವುದಿಲ್ಲ.

"ಏನಾದ್ರೂ?" ಎನ್ನುತ್ತಾಳೆ ನಾದಿನಿ.

"ತಣ್ಣಗಿದೆ" ಎನ್ನುತ್ತಾಳೆ ಹುಳಿಯಕ್ಕ. ಅಷ್ಟೇ.

ನೀರಿನ ಹಾಗೆ ಅನ್ನಿಸುವುದಾದರೆ ನೀರನ್ನೇ ಕುಡಿಯಬಹುದಲ್ಲ, ಅಷ್ಟು ಒಳ್ಳೆಯ ಹಣ್ಣನ್ನು, ಅಷ್ಟು ಶ್ರದ್ಧೆಯಿಂದ ಯಾಕೆ ಹಿಂಡಬೇಕು ಎಂದರೆ, ಆಕೆ ಖಾಲಿ ಲೋಟವನ್ನು ಬೆಳಕಿಗೆ ಹಿಡಿದು, ತಳದಲ್ಲಿ ಸಕ್ಕರೆ ಉಳಿದಿಲ್ಲ ತಾನೇ ಎಂದು ಪರೀಕ್ಷಿಸಿ, ಆಮೇಲೆ ಉತ್ತರ ಕೊಡುತ್ತಾಳೆ.

"ನಾಲಿಗೆ ಯಾವತ್ತು ವಾಪಸ್ ಬರುತ್ತೋ ಯಾರಿಗೆ ಗೊತ್ತು? ಎಷ್ಟೋ ದಿನ ಆದ್ಮೇಲೆ ಮನೆಗೆ ಬರೋದು ಪಾಪ. ಬಂದ ದಿನ ಅದಕ್ಕೆ ಕೆಟ್ಟ ಶರಬತ್ತು ಕೊಡೋಕಾಗುತ್ತಾ?"